ತುಂಬಿಸಿದ ಹಲ್ಲು ಎಷ್ಟು ಭಾರ ತಾಳುತ್ತದೆ?

ರೋಗಿಗಳಿಗೂ ಜೊತೆಯಲ್ಲಿ ಬಂದಿರುವ ಬಂಧುಗಳಿಗೂ ಒಂದು ತಿಳಿವಳಿಕೆಯ ಪಾಠ



ದಂತ ವಿಭಾಗಕ್ಕೆ ಬರುವವರು ವೈದ್ಯರಲ್ಲಿ ಹೆಚ್ಚಾಗಿ ಕೇಳುವ ಮಾತು ಎರಡು. ಒಂದು, "ಡಾಕ್ಟ್ರೇ, ಸಿಮೆಂಟ್ ಹಾಕಿದರೆ ಎಷ್ಟು ವರ್ಷ ಬಾಳಿಕೆ ಬರುತ್ತದೆ?" ಇನ್ನೊಂದು, "ಇರುವುದರಲ್ಲಿ ತುಂಬಾ ಗಟ್ಟಿಯಾದದ್ದು ಯಾವುದೋ ಅದನ್ನೇ ಹಾಕಿ." ಕಷ್ಟಪಟ್ಟು ದುಡಿದ ಹಣ, ಒಂದು ದಿನದ ಕೆಲಸ ಬಿಟ್ಟು ಬಂದಿರುವುದು, ಬಸ್ಸಿನ ಖರ್ಚು ಎಲ್ಲ ಇರುವಾಗ ಹೀಗೆ ಕೇಳುವುದು ಸಹಜವೇ. ಆದರೆ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ತುಂಬಿಸುವ ವಸ್ತುವಿನ ಬಲ ಒಂದು ಕಡೆ. ಅದನ್ನು ಸುತ್ತಲೂ ಹಿಡಿದು ನಿಲ್ಲಿಸುವ ನಿಮ್ಮ ಸ್ವಂತ ಹಲ್ಲು ಎಷ್ಟು ಉಳಿದಿದೆ ಎಂಬುದು ಇನ್ನೊಂದು ಕಡೆ. ಇವೆರಡರಲ್ಲಿ ಹೆಚ್ಚು ಮುಖ್ಯವಾದದ್ದು ಎರಡನೆಯದು. ಅದು ಏಕೆ ಎಂಬುದನ್ನು ತಿಳಿದುಕೊಂಡರೆ ಯಾವಾಗ ಬರಬೇಕು, ಏನು ಕೇಳಬೇಕು, ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬುದೆಲ್ಲ ನಿಮಗೇ ಹೊಳೆಯುತ್ತದೆ.

ಬಾಯಿಯೊಳಗಿನ ಭಾರ

ಊಟ ಮಾಡುವಾಗ ಹಲ್ಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು ನಮಗೆ ಗೊತ್ತಾಗುವುದಿಲ್ಲ. ಕುಚ್ಚಲಕ್ಕಿ ಅನ್ನ, ಪಲ್ಯ ಅಗಿಯುವಾಗ ದವಡೆ ಹಲ್ಲಿನ ಮೇಲೆ ಬೀಳುವುದು ಸುಮಾರು 7ರಿಂದ 15 ಕಿಲೋ ಭಾರ. ಆರೋಗ್ಯವಂತ ಪ್ರಾಯದವರು ಬಲವಾಗಿ ಕಚ್ಚಿದರೆ ಇದು 50ರಿಂದ 70 ಕಿಲೋವರೆಗೆ ಏರುತ್ತದೆ. ಅಂದರೆ ಒಂದು ಮೂಟೆ ಅಕ್ಕಿಯ ಭಾರ ಒಂದು ಹಲ್ಲಿನ ಮೇಲೆ ಕುಳಿತಂತೆ.

ಮೆತ್ತಗಿನ ಆಹಾರವಾದರೆ ಈ ಭಾರ ಹಲ್ಲಿನ ಮೇಲೆಲ್ಲ ಹರಡುತ್ತದೆ. ಅಕ್ಕಿಯಲ್ಲಿ ಉಳಿದುಹೋದ ಒಂದು ಹರಳು, ಒಣ ಅಡಿಕೆಯ ಹೋಳು, ಏಡಿಯ ಚಿಪ್ಪು ಸಿಕ್ಕಿದರೆ ಅಷ್ಟೂ ಭಾರ ಗುಂಡುಸೂಜಿಯ ತಲೆಯಷ್ಟು ಜಾಗದ ಮೇಲೆ ಬೀಳುತ್ತದೆ. ಹಲ್ಲು ಒಡೆಯುವುದು ಹೆಚ್ಚಾಗಿ ಇಂತಹ ಕ್ಷಣದಲ್ಲಿ.

ಇಷ್ಟು ಭಾರ ತಾಳಲು ಹಲ್ಲಿಗೆ ಎರಡು ಪದರಗಳಿವೆ. ಹೊರಗಿನದು ಎನಾಮಲ್. ದೇಹದಲ್ಲಿ ಇದಕ್ಕಿಂತ ಗಡುಸಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಸುಮಾರು 96 ಪಾಲು ಖನಿಜವೇ. ಒಳಗಿನದು ಡೆಂಟಿನ್. ಇದರಲ್ಲಿ ಖನಿಜ ಸುಮಾರು 70 ಪಾಲು, ಉಳಿದದ್ದು ನಾರಿನಂತಹ ಅಂಶ ಮತ್ತು ನೀರು. ಎನಾಮಲ್ ಗಟ್ಟಿ, ಆದರೆ ಗಾಜಿನಂತೆ ಸಿಡಿಯುತ್ತದೆ. ಡೆಂಟಿನ್ ಸ್ವಲ್ಪ ಮೆದು, ಆದರೆ ಮರದಂತೆ ಕೊಂಚ ಬಾಗಿ ಭಾರವನ್ನು ಹೀರಿಕೊಳ್ಳುತ್ತದೆ. ಹುಳುಕು ಡೆಂಟಿನನ್ನು ತಿಂದು ಹಾಕಿದಾಗ ಎನಾಮಲ್ ಕೆಳಗೆ ಆಧಾರವಿಲ್ಲದ ಚಪ್ಪಡಿಯಂತಾಗುತ್ತದೆ. "ಮೊನ್ನೆವರೆಗೆ ಸರಿ ಇತ್ತು, ಅನ್ನ ತಿನ್ನುವಾಗ ಪಕ್ಕನೆ ಮುರಿಯಿತು" ಎಂದು ಹೇಳುವವರ ಹಲ್ಲಿನ ಒಳಗೆ ಈ ಕೆಲಸ ತಿಂಗಳುಗಟ್ಟಲೆ ನಡೆದಿರುತ್ತದೆ.

ಬಲದಲ್ಲಿ ಮೂರು ಬಗೆ

"ಗಟ್ಟಿ" ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಮೂರು ಬೇರೆ ಬೇರೆ ಗುಣಗಳಿವೆ.

ಮೊದಲನೆಯದು, ಒತ್ತಿದರೆ ಪುಡಿಯಾಗದೆ ನಿಲ್ಲುವ ಬಲ. ಕಾರ್ಕಳದ ಗೊಮ್ಮಟೇಶ್ವರನನ್ನು ನೀವೆಲ್ಲ ನೋಡಿದ್ದೀರಿ. 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಆ ಏಕಶಿಲೆ ತನ್ನ ಭಾರವನ್ನೆಲ್ಲ ಪಾದದ ಮೇಲೆ ಹೊತ್ತು ಆರು ಶತಮಾನದ ಮಳೆಗೆ ಅಲುಗದೆ ನಿಂತಿದೆ. ಒತ್ತಡ ತಾಳುವುದರಲ್ಲಿ ಕಲ್ಲು ಬಹಳ ಗಟ್ಟಿ.

ಎರಡನೆಯದು, ಎಳೆದರೆ ಅಥವಾ ಬಗ್ಗಿಸಿದರೆ ಬಿರುಕು ಬಿಡದಿರುವ ಬಲ. ಇದರಲ್ಲಿ ಅದೇ ಕಲ್ಲು ಬಡವ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಂತಹ ಹಳೆಯ ಕಲ್ಲಿನ ಕಟ್ಟಡಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಇರುವುದಕ್ಕೆ ಇದೂ ಒಂದು ಕಾರಣ. ಕಂಬ ದೂರವಾದರೆ ಮೇಲಿನ ಕಲ್ಲಿನ ತೊಲೆಯ ಕೆಳಮೈ ಎಳೆದುಕೊಂಡು ಬಿರಿಯುತ್ತದೆ. ನಮ್ಮ ಮನೆಗಳಲ್ಲೂ ಗೋಡೆಗೆ ಕೆಂಪುಕಲ್ಲು ಇಡುತ್ತೇವೆ, ಆದರೆ ಮಾಡಿನ ಪಕ್ಕಾಸಿಗೆ ಮರವೇ ಬೇಕು.

ಮೂರನೆಯದು, ಸಣ್ಣ ಭಾರವನ್ನು ಸಾವಿರ ಸಲ, ಲಕ್ಷ ಸಲ ತಾಳುವ ಬಲ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ತುಂಡಾಗುವುದಿಲ್ಲ, ಹತ್ತು ಸಲ ಅತ್ತಿತ್ತ ಬಗ್ಗಿಸಿದರೆ ತುಂಡಾಗುತ್ತದೆ. ಹಲ್ಲಿಗೂ ತುಂಬಿಸಿದ ವಸ್ತುವಿಗೂ ದಿನಕ್ಕೆ ಮೂರು ಹೊತ್ತು ಇದೇ ಪರೀಕ್ಷೆ.

ಬಲವನ್ನು ಅಳೆಯುವುದು ಹೇಗೆ?

ಮಣಿಪಾಲದಲ್ಲಿ ದಂತ ವೈದ್ಯಕೀಯ ಕಾಲೇಜು 1965ರಲ್ಲೇ ಆರಂಭವಾಯಿತು. ಇಂತಹ ಕಾಲೇಜುಗಳಲ್ಲಿ ದಂತ ಸಾಮಗ್ರಿಗಳ ಅಧ್ಯಯನವೇ ಒಂದು ಪ್ರತ್ಯೇಕ ವಿಷಯ. ರೋಗಿಯ ಬಾಯಿಗೆ ಕೈ ಹಾಕುವ ಮೊದಲು ವಿದ್ಯಾರ್ಥಿ ಆ ವಸ್ತುವಿನ ಗುಣವನ್ನು ಕಲಿತಿರಬೇಕು.

ಪರೀಕ್ಷೆಯ ಕ್ರಮ ಸರಳ. ಹಲ್ಲಿನ ಸಿಮೆಂಟನ್ನು ಕಲಸಿ 4 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಎತ್ತರದ ಪುಟ್ಟ ಕಂಬದ ಆಕಾರಕ್ಕೆ ಅಚ್ಚು ಹಾಕುತ್ತಾರೆ. ಅದನ್ನು ದೇಹದ ಉಷ್ಣತೆಯ ನೀರಿನಲ್ಲಿ ಒಂದು ದಿನ ಇಟ್ಟು, ಯಂತ್ರದ ಎರಡು ಉಕ್ಕಿನ ತಟ್ಟೆಗಳ ನಡುವೆ ನಿಲ್ಲಿಸಿ ನಿಧಾನವಾಗಿ ಒತ್ತುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎಂಬುದೇ ಅದರ ಒತ್ತಡದ ಬಲ. ಹಲ್ಲಿನ ಬಣ್ಣದ ಕಾಂಪೋಸಿಟ್ ಆದರೆ 25 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಕಡ್ಡಿ ಮಾಡಿ ಎರಡು ತುದಿಗೆ ಆಧಾರ ಕೊಟ್ಟು ನಡುವೆ ಒತ್ತುತ್ತಾರೆ. ಅದು ಬಾಗುವ ಬಲ.

ಮುಂದೆ ಕೊಟ್ಟಿರುವ ಅಂಕಿಗಳೆಲ್ಲ ಒಂದು ಚದರ ಮಿಲಿಮೀಟರ್ ಜಾಗ ತಾಳುವ ಭಾರ, ಕಿಲೋ ಲೆಕ್ಕದಲ್ಲಿ. ತಯಾರಕರಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಹೋಲಿಕೆಗೆ ಇದನ್ನು ನೆನಪಿಡಿ: ಒತ್ತಡದಲ್ಲಿ ಎನಾಮಲ್ ಸುಮಾರು 38 ಕಿಲೋ, ಡೆಂಟಿನ್ ಸುಮಾರು 30 ಕಿಲೋ ತಾಳುತ್ತವೆ. ಎಳೆತದಲ್ಲಾದರೆ ಎನಾಮಲ್ ತಾಳುವುದು ಬರೀ 1 ಕಿಲೋದಷ್ಟು. ಡೆಂಟಿನ್ ಅದರ ಐದಾರು ಪಟ್ಟು ಹೆಚ್ಚು ತಾಳುತ್ತದೆ. ಹಲ್ಲು ಒಂದಾಗಿ ನಿಂತಿರುವುದು ಈ ಜೋಡಿಯಿಂದ.

ತುಂಬಿಸುವ ವಸ್ತುಗಳು

1. ತಾತ್ಕಾಲಿಕ ಸಿಮೆಂಟ್. ಲವಂಗದ ವಾಸನೆಯ ಬಿಳಿ ಸಿಮೆಂಟ್ ಇದು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಮತ್ತು ಸತುವಿನ ಭಸ್ಮದಿಂದ ಮಾಡಿದ್ದು. ಕೆಲವು ದಿನ ಹಲ್ಲನ್ನು ಮುಚ್ಚಿಡುವುದು, ನೋವು ಕಡಿಮೆ ಮಾಡುವುದು ಇದರ ಕೆಲಸ. ಬೇಕಾದಾಗ ಸುಲಭವಾಗಿ ತೆಗೆಯಲು ಬರಬೇಕೆಂದೇ ಇದನ್ನು ಮೆದುವಾಗಿ ಮಾಡಿರುತ್ತಾರೆ. ಬಲ 4 ಕಿಲೋಗೂ ಕಡಿಮೆ. "ನೋವು ಹೋಯಿತಲ್ಲ, ಇನ್ನು ಯಾಕೆ ಹೋಗುವುದು" ಎಂದು ಇದರಲ್ಲೇ ಆರು ತಿಂಗಳು ಕಳೆಯುವವರಿದ್ದಾರೆ. ಅಷ್ಟರಲ್ಲಿ ಸಿಮೆಂಟ್ ಸವೆದು, ಹುಳುಕು ಮತ್ತೆ ಒಳಗಿಳಿದು, ತುಂಬಿಸಿದರೆ ಸಾಕಾಗಿದ್ದ ಹಲ್ಲು ಬೇರಿನ ಚಿಕಿತ್ಸೆಗೆ ಬಂದು ನಿಲ್ಲುತ್ತದೆ. ತಾತ್ಕಾಲಿಕ ಎಂದರೆ ತಾತ್ಕಾಲಿಕವೇ.

2. ಗ್ಲಾಸ್ ಅಯೊನೊಮರ್ ಸಿಮೆಂಟ್. ನಮ್ಮವರು "ಸಿಮೆಂಟ್" ಎನ್ನುವುದು ಹೆಚ್ಚಾಗಿ ಇದನ್ನೇ. ಸುಮಾರು 1970ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬ ವಿಜ್ಞಾನಿಗಳು ಇದನ್ನು ರೂಪಿಸಿದರು. ಒತ್ತಡದ ಬಲ 10ರಿಂದ 20 ಕಿಲೋ, ಬಾಗುವ ಬಲ ಬರೀ 1ರಿಂದ 3 ಕಿಲೋ. ಆದ್ದರಿಂದ ದೊಡ್ಡ ದವಡೆ ಹಲ್ಲಿನ ಅಗಿಯುವ ಮೈಗೆ ಇದೊಂದೇ ಬಹುಕಾಲ ಸಾಲದು. ಆದರೆ ಇದಕ್ಕೆ ಬೇರೆ ಗುಣಗಳಿವೆ. ಹಲ್ಲಿಗೆ ತಾನಾಗಿಯೇ ಅಂಟುತ್ತದೆ, ಹೆಚ್ಚು ಕೊರೆಯಬೇಕಾಗಿಲ್ಲ, ಫ್ಲೋರೈಡನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಹಾಲುಹಲ್ಲಿಗೆ, ವಯಸ್ಸಾದವರಲ್ಲಿ ವಸಡು ಇಳಿದು ತೆರೆದುಕೊಂಡ ಬೇರಿಗೆ, ಉಮಿಕರಿ ಅಥವಾ ಇದ್ದಿಲಿನಿಂದ ಒತ್ತಿ ಉಜ್ಜಿ ವಸಡಿನ ಬಳಿ ಸವೆದು ಹೋದ ಹಲ್ಲಿಗೆ ಇದು ತಕ್ಕದ್ದು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲೂ ಕೈ ಉಪಕರಣಗಳಿಂದಲೇ ಹುಳುಕನ್ನು ಕೆರೆದು ಇದನ್ನು ತುಂಬುವ ಕ್ರಮ 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ಬೆಳೆಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಇದನ್ನು ಸೇರಿಸಿತು. ಬಲದ ಅಂಕಿಯಲ್ಲಿ ಹಿಂದೆ ಇದ್ದರೂ ಸರಿಯಾದ ಜಾಗದಲ್ಲಿ ಇದು ಹಲ್ಲು ಉಳಿಸುತ್ತದೆ.

3. ಬೆಳ್ಳಿ ಫಿಲ್ಲಿಂಗ್, ಅಂದರೆ ಅಮಾಲ್ಗಮ್. ಬೆಳ್ಳಿ, ತವರ, ತಾಮ್ರದ ಪುಡಿಯನ್ನು ಪಾದರಸದೊಂದಿಗೆ ಕಲಸಿ ಒತ್ತಿ ತುಂಬುವುದು. ಒತ್ತಡ ತಾಳುವುದರಲ್ಲಿ ಬಹಳ ಗಟ್ಟಿ. ಆದರೆ ಆ ಬಲ ಕೂಡಲೇ ಬರುವುದಿಲ್ಲ. ಬಗೆಗೆ ತಕ್ಕಂತೆ ಒಂದು ಗಂಟೆಯ ಹೊತ್ತಿಗೆ 14ರಿಂದ 26 ಕಿಲೋ, ಒಂದು ವಾರದ ಹೊತ್ತಿಗೆ 34ರಿಂದ 51 ಕಿಲೋ. ಎಳೆತದಲ್ಲಿ ಮಾತ್ರ 5ರಿಂದ 6 ಕಿಲೋ. ಹಾಗಾಗಿ ತೆಳುವಾಗಿ ಹಾಕಿದರೆ ಅಂಚು ಮುರಿಯುತ್ತದೆ; ಕನಿಷ್ಠ ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪ ಬೇಕು. ಇದು ಹಲ್ಲಿಗೆ ಅಂಟುವುದಿಲ್ಲ. ಬಾಯಿ ಕಿರಿದು, ಒಳಗೆ ಅಗಲವಾದ ಗುಂಡಿ ಮಾಡಿ ಕೂರಿಸಬೇಕಾದ್ದರಿಂದ ಒಳ್ಳೆಯ ಹಲ್ಲನ್ನೂ ಸ್ವಲ್ಪ ಕೊರೆಯಬೇಕಾಗುತ್ತದೆ.

ಪಾದರಸದಿಂದ ಪರಿಸರಕ್ಕಾಗುವ ಹಾನಿಯನ್ನು ತಡೆಯಲು 2013ರಲ್ಲಿ ಮಿನಾಮಾಟಾ ಒಪ್ಪಂದವಾಯಿತು. 2018ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2025ರ ಜನವರಿ 1ರಿಂದ, ವೈದ್ಯಕೀಯವಾಗಿ ತೀರಾ ಅಗತ್ಯವಾದ ಸಂದರ್ಭ ಬಿಟ್ಟು, ಇದರ ಬಳಕೆ ನಿಂತಿದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಮಕ್ಕಳಿಗೆ ಇದನ್ನು ಹಾಕುವುದಿಲ್ಲ ಎಂಬುದು ಈಗಿನ ಸಾಮಾನ್ಯ ಕ್ರಮ. ಆದರೆ ನಿಮ್ಮ ಬಾಯಲ್ಲಿ ಹಿಂದೆ ಹಾಕಿಸಿದ ಬೆಳ್ಳಿ ಫಿಲ್ಲಿಂಗ್ ಗಟ್ಟಿಯಾಗಿದ್ದರೆ ಹೆದರಿ ತೆಗೆಸಬೇಡಿ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಡುತ್ತದೆ, ಹಲ್ಲಿನ ಗೋಡೆಯೂ ತೆಳುವಾಗುತ್ತದೆ.

4. ಹಲ್ಲಿನ ಬಣ್ಣದ ಕಾಂಪೋಸಿಟ್. ರಾಳದಂತಹ ದ್ರವ್ಯದಲ್ಲಿ ಗಾಜಿನ ನುಣುಪು ಪುಡಿ ಸೇರಿಸಿ ಮಾಡಿದ್ದು. ನೀಲಿ ಬೆಳಕು ಬಿಟ್ಟಾಗ ಗಟ್ಟಿಯಾಗುತ್ತದೆ. ಒತ್ತಡದ ಬಲ ಸುಮಾರು 25ರಿಂದ 40 ಕಿಲೋ, ಬಾಗುವ ಬಲ 8ರಿಂದ 15 ಕಿಲೋ. 1955ರಲ್ಲಿ ಅಮೆರಿಕದ ಬ್ಯೂನೊಕೋರ್ ಎಂಬವರು ಎನಾಮಲ್ಲಿಗೆ ಆಮ್ಲ ಹಚ್ಚಿ ತೊಳೆದರೆ ಅದರ ಮೈ ಒರಟಾಗಿ ರಾಳ ಬಲವಾಗಿ ಅಂಟುತ್ತದೆ ಎಂದು ತೋರಿಸಿದರು. ಈ ಅಂಟುವ ಗುಣದಿಂದಾಗಿ ಹುಳುಕು ಇದ್ದಷ್ಟನ್ನೇ ತೆಗೆದು ಒಳ್ಳೆಯ ಹಲ್ಲನ್ನು ಉಳಿಸಬಹುದು.

ಇದರ ದೌರ್ಬಲ್ಯ ಎರಡು. ಗಟ್ಟಿಯಾಗುವಾಗ ನೂರಕ್ಕೆ ಒಂದರಿಂದ ಮೂರು ಪಾಲು ಕುಗ್ಗುತ್ತದೆ. ಆದ್ದರಿಂದಲೇ ವೈದ್ಯರು ಒಮ್ಮೆಗೇ ತುಂಬದೆ ಸುಮಾರು 2 ಮಿಲಿಮೀಟರ್ ಪದರ ಪದರವಾಗಿ ಹಾಕಿ ಪ್ರತಿ ಸಲ ಬೆಳಕು ಬಿಡುತ್ತಾರೆ. ಎರಡನೆಯದು, ಅಂಟಿಸುವಾಗ ಉಗುಳು ಅಥವಾ ರಕ್ತ ತಾಗಿದರೆ ಅಂಟು ಹಿಡಿಯುವುದಿಲ್ಲ. "ಬಾಯಿ ತೆರೆದೇ ಇಡಿ, ನಾಲಿಗೆ ತಾಗಿಸಬೇಡಿ" ಎಂದು ವೈದ್ಯರು ಮತ್ತೆ ಮತ್ತೆ ಹೇಳಿದರೆ ಬೇಸರಿಸಬೇಡಿ. ಆ ಐದು ನಿಮಿಷದ ಸಹಕಾರ ಫಿಲ್ಲಿಂಗಿನ ಆಯುಷ್ಯಕ್ಕೆ ವರ್ಷಗಳನ್ನು ಸೇರಿಸುತ್ತದೆ.

5. ಕ್ಯಾಪ್. ಉಳಿದ ಹಲ್ಲಿನ ಮೇಲೆ ಟೋಪಿಯಂತೆ ಕೂರಿಸುವುದು. ಪೂರ್ತಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದು, ಜಿರ್ಕೋನಿಯಾ ಎಂದು ಹಲವು ಬಗೆ. ಬರೀ ಹಳೆಯ ಬಗೆಯ ಪಿಂಗಾಣಿಯ ಬಾಗುವ ಬಲ 6ರಿಂದ 7 ಕಿಲೋ. ಗಟ್ಟಿ ಜಿರ್ಕೋನಿಯಾದ್ದು 90ರಿಂದ 120 ಕಿಲೋ. ಹೊಳಪು ಹೆಚ್ಚಿರುವ ಜಿರ್ಕೋನಿಯಾದ ಬಲ ಇದಕ್ಕಿಂತ ಕಡಿಮೆ. ಹಿಂದಿನ ದವಡೆ ಹಲ್ಲಿಗೆ, ನಕ್ಕಾಗ ಕಾಣದ ಜಾಗಕ್ಕೆ, ಲೋಹದ ಕ್ಯಾಪ್ ಇಂದಿಗೂ ಒಳ್ಳೆಯದೇ. ಅದು ತೆಳುವಾಗಿದ್ದರೂ ಮುರಿಯದ ಕಾರಣ ಹಲ್ಲನ್ನು ಕಡಿಮೆ ಕೊರೆದರೆ ಸಾಕು, ಖರ್ಚೂ ಕಡಿಮೆ.

ಗೋಡೆ ಉಳಿದರೆ ಮನೆ ಉಳಿಯಿತು

ಈಗ ಮುಖ್ಯ ವಿಷಯಕ್ಕೆ ಬರೋಣ. 1989ರಲ್ಲಿ ಅಮೆರಿಕದ ಸಂಶೋಧಕರು ತೆಗೆದ ಹಲ್ಲುಗಳ ಮೇಲೆ ಒಂದು ಪರೀಕ್ಷೆ ಮಾಡಿದರು. ಹಲ್ಲಿನ ಬಿಗಿತ ಯಾವ ಹಂತದಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆದರು. ಬೇರಿನ ಚಿಕಿತ್ಸೆಗಾಗಿ ನಡುವೆ ತೂತು ಮಾಡಿದ್ದರಿಂದ ಕಡಿಮೆಯಾದದ್ದು ನೂರಕ್ಕೆ 5 ಪಾಲು ಮಾತ್ರ. ಅಗಿಯುವ ಮೈಯಲ್ಲಿ ಮಾತ್ರ ಗುಂಡಿ ತೋಡಿದಾಗ 20 ಪಾಲು. ಅದೇ ಗುಂಡಿ ಹಲ್ಲಿನ ಮುಂದಿನ ಮತ್ತು ಹಿಂದಿನ ಬದಿಯ ಗೋಡೆಗಳನ್ನೂ ಒಡೆದುಕೊಂಡು ಹೋದಾಗ 63 ಪಾಲು.

ಈ ಮೂರು ಅಂಕಿಗಳನ್ನು ಇನ್ನೊಮ್ಮೆ ಓದಿ. "ರೂಟ್ ಕೆನಾಲ್ ಮಾಡಿಸಿದರೆ ಹಲ್ಲು ದುರ್ಬಲವಾಗುತ್ತದೆ" ಎಂಬುದು ಜನರಲ್ಲಿರುವ ನಂಬಿಕೆ. ಹಲ್ಲನ್ನು ನಿಜವಾಗಿ ದುರ್ಬಲ ಮಾಡುವುದು ಬದಿಯ ಗೋಡೆ ಕಳೆದುಹೋಗುವುದು. ಆ ಗೋಡೆಯನ್ನು ತಿನ್ನುವುದು ಚಿಕಿತ್ಸೆಯಲ್ಲ, ಹೆಚ್ಚಾಗಿ ಹುಳುಕು. ನಾವು ಮುಂದೆ ಹಾಕುತ್ತಾ ಹೋದ ದಿನಗಳು.

ಅಜೆಕಾರು, ಹೆರ್ಮುಂಡೆ, ಅಂಡಾರು, ಕೆರ್ವಾಶೆ, ಶಿರ್ಲಾಲು ಕಡೆಯ ಒಂದು ಮನೆಯ ಇಬ್ಬರನ್ನು ಭಾವಿಸಿಕೊಳ್ಳಿ. ಅಣ್ಣ ತಮ್ಮ ಇಬ್ಬರಿಗೂ ಒಂದೇ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ. ತಮ್ಮ ಕಾರ್ಕಳಕ್ಕೆ ಬೇರೆ ಕೆಲಸಕ್ಕೆ ಹೋದಾಗ ತೋರಿಸಿ ಅಂದೇ ತುಂಬಿಸಿಕೊಂಡ. ನಾಲ್ಕೂ ಗೋಡೆ ಉಳಿದಿದೆ, ಸಾಧಾರಣ ಫಿಲ್ಲಿಂಗ್ ಸಾಕಾಯಿತು. ಅಣ್ಣ "ನೋವಿಲ್ಲವಲ್ಲ, ಅಡಿಕೆ ಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ" ಎಂದು ಎರಡು ವರ್ಷ ತಳ್ಳಿದ. ಒಂದು ರಾತ್ರಿ ನೋವು ಬಂತು. ಈಗ ಬೇರಿನ ಚಿಕಿತ್ಸೆ ಬೇಕು, ಎರಡು ಗೋಡೆ ಇಲ್ಲ, ಮೇಲೆ ಕ್ಯಾಪ್ ಬೇಕು, ನಾಲ್ಕೈದು ಸಲ ಬರಬೇಕು. ಇಷ್ಟು ಮಾಡಿದ ಮೇಲೂ ಅವನ ಹಲ್ಲು ತಮ್ಮನ ಹಲ್ಲಿನಷ್ಟು ಬಲವಾಗುವುದಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತಂದಂತೆ ಎಂದು ಹಿರಿಯರು ಹೇಳುವುದು ಇದನ್ನೇ.

ಒನಕೆಯ ಅಣಸು ಮತ್ತು ಹಲ್ಲಿನ ಕ್ಯಾಪ್

ಭತ್ತ ಕುಟ್ಟುವ ಒನಕೆಯ ತುದಿಗೆ ಅಣಸು ಎನ್ನುವ ಕಬ್ಬಿಣದ ಬಳೆ ಹಾಕುವುದನ್ನು ಮನೆಯ ಅಜ್ಜಿಯರು ಬಲ್ಲರು. ಬಳೆ ಇರುವುದರಿಂದ ಎಷ್ಟು ಕುಟ್ಟಿದರೂ ಮರ ಸೀಳುವುದಿಲ್ಲ. ಕ್ಯಾಪ್ ಮಾಡುವ ಕೆಲಸವೂ ಅದೇ. ಹಲ್ಲನ್ನು ಸುತ್ತಲೂ ಬಿಗಿದು ಸೀಳದಂತೆ ಹಿಡಿಯುತ್ತದೆ.

ಆದರೆ ಬಳೆ ಹಿಡಿಯಲು ಮರ ಬೇಕು. ವಸಡಿನ ಮೇಲೆ ಸುತ್ತಲೂ ಕನಿಷ್ಠ ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಉಳಿದಿದ್ದರೆ ಮಾತ್ರ ಕ್ಯಾಪ್ ಈ ಕೆಲಸ ಮಾಡುತ್ತದೆ. ಅಷ್ಟೂ ಇಲ್ಲದಿದ್ದರೆ ಎಷ್ಟೇ ದುಬಾರಿಯ ಕ್ಯಾಪ್ ಹಾಕಿದರೂ ಕಳಚಿ ಬರಬಹುದು ಅಥವಾ ಬೇರು ಸೀಳಬಹುದು. ವೈದ್ಯರು "ಈ ಹಲ್ಲು ಉಳಿಸುವುದು ಕಷ್ಟ, ತೆಗೆಯುವುದೇ ಒಳ್ಳೆಯದು" ಎಂದರೆ ಹೆಚ್ಚಾಗಿ ಕಾರಣ ಇದೇ.

ಮೇಲಿನ ಭಾಗ ಬಹಳ ಹೋಗಿದ್ದರೆ ಬೇರಿನೊಳಗೆ ಪೋಸ್ಟ್ ಎನ್ನುವ ಕಡ್ಡಿ ಇಟ್ಟು ಅದರ ಮೇಲೆ ಹಲ್ಲು ಕಟ್ಟುತ್ತಾರೆ. ಇಲ್ಲಿಯೂ ಹೆಚ್ಚು ಗಟ್ಟಿಯಾದದ್ದೇ ಒಳ್ಳೆಯದೆಂದು ಹೇಳುವಂತಿಲ್ಲ. ಉಕ್ಕಿನ ಕಡ್ಡಿ ಡೆಂಟಿನ್‌ಗಿಂತ ಸುಮಾರು ಹತ್ತು ಪಟ್ಟು ಬಿಗಿ. ಅದು ಬಾಗದೆ ಇದ್ದಾಗ ಭಾರವೆಲ್ಲ ಬೇರಿನ ಮೇಲೆ ಬಿದ್ದು ಬೇರೇ ಸೀಳುವ ಅಪಾಯವಿದೆ. ಸೀಳಿದ ಬೇರನ್ನು ಜೋಡಿಸಲಾಗದು, ಹಲ್ಲು ತೆಗೆಯಬೇಕು. ಗಾಜಿನ ನಾರಿನ ಕಡ್ಡಿ ಡೆಂಟಿನ್ನಿನಂತೆಯೇ ಸ್ವಲ್ಪ ಬಾಗುತ್ತದೆ. ಭಾರ ಮಿತಿ ಮೀರಿದರೆ ಹೆಚ್ಚಾಗಿ ಕಡ್ಡಿಯೇ ಕಳಚುತ್ತದೆ, ಬೇರು ಉಳಿಯುತ್ತದೆ.

ಮನೆಗೆ ಹೋದ ಮೇಲೆ ಎಷ್ಟು ಹೊತ್ತು ಕಾಯಬೇಕು?

ಬೆಳ್ಳಿ ಫಿಲ್ಲಿಂಗ್ ಆಗಿದ್ದರೆ ಒಂದು ದಿನ ಪೂರ್ತಿ ಆ ಬದಿಯಲ್ಲಿ ಅಗಿಯಬೇಡಿ. ಹಿಂದೆ ಕೊಟ್ಟ ಅಂಕಿ ನೋಡಿದರೆ ಕಾರಣ ತಿಳಿಯುತ್ತದೆ.

ಗ್ಲಾಸ್ ಅಯೊನೊಮರ್ ಆಗಿದ್ದರೆ ಕನಿಷ್ಠ ಒಂದು ಗಂಟೆ ಏನೂ ತಿನ್ನಬೇಡಿ, ಆ ದಿನ ಮೆತ್ತಗಿನ ಊಟವೇ ಇರಲಿ. ಮೇಲೆ ಹಚ್ಚಿದ ವ್ಯಾಸಲೀನ್ ಅಥವಾ ವಾರ್ನಿಷ್ ಅನ್ನು ನಾಲಿಗೆಯಿಂದ ಕೆದಕಬೇಡಿ. ಆರಂಭದಲ್ಲಿ ಈ ಸಿಮೆಂಟಿಗೆ ನೀರು ತಾಗಿದರೆ ಮೈ ಮೆದುವಾಗುತ್ತದೆ.

ಕಾಂಪೋಸಿಟ್ ಆಗಿದ್ದರೆ ಬೆಳಕಿನಿಂದಲೇ ಗಟ್ಟಿಯಾಗಿರುತ್ತದೆ. ಆದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರೆ ಅದು ಇಳಿಯುವವರೆಗೆ, ಅಂದರೆ ಎರಡರಿಂದ ನಾಲ್ಕು ಗಂಟೆ, ಏನೂ ತಿನ್ನಬೇಡಿ. ಮಕ್ಕಳನ್ನು ಕರೆತಂದವರು ಇದನ್ನು ವಿಶೇಷವಾಗಿ ಗಮನಿಸಿ. ಅರಿವಿಲ್ಲದೆ ಮಗು ತುಟಿ, ಕೆನ್ನೆಯನ್ನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತದೆ.

ಬೇರಿನ ಚಿಕಿತ್ಸೆ ಮುಗಿದಿದ್ದರೆ, ಕ್ಯಾಪ್ ಹಾಕಿಸುವವರೆಗೆ ಆ ಬದಿಯಲ್ಲಿ ಗಟ್ಟಿಯಾದದ್ದು ಬೇಡ. ನೋವು ತಿಳಿಯುವ ತಿರುಳು ಅದರಲ್ಲಿ ಇಲ್ಲದಿರುವುದರಿಂದ ಹಲ್ಲು ಬಿರುಕು ಬಿಟ್ಟರೂ ಬೇಗ ಗೊತ್ತಾಗುವುದಿಲ್ಲ. ಹೇಳಿದ ದಿನಕ್ಕೆ ತಪ್ಪದೆ ಬನ್ನಿ.

ಯಾವ ಫಿಲ್ಲಿಂಗ್ ಇದ್ದರೂ ಅಡಿಕೆಗೆ ಅಡಕತ್ತರಿ ಬಳಸಿ, ಸೋಡಾ ಬಾಟಲಿಗೆ ಓಪನರ್ ಬಳಸಿ. ಕೋರಿ ರೊಟ್ಟಿ ಸಾರಿನಲ್ಲಿ ಚೆನ್ನಾಗಿ ನೆನೆಯಲಿ. ಎಲೆಯಡಿಕೆ, ಹೊಗೆಸೊಪ್ಪು ಹಲ್ಲನ್ನು ಸವೆಸುವುದು ಮಾತ್ರವಲ್ಲ, ಬಾಯಿಯ ಕ್ಯಾನ್ಸರಿಗೂ ದಾರಿ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದೆಯೆಂದು ಮನೆಯವರು ಹೇಳಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ತಾಯಂದಿರು ಗಮನಿಸಬೇಕಾದದ್ದು

ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಹಲ್ಲು ಬಿದ್ದಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿಯುವವರು ಬಹಳ. ಅದು ಶಾಶ್ವತ ಹಲ್ಲು. ಹುಳುಕಾದರೆ "ಹೇಗೂ ಬೀಳುತ್ತದೆ" ಎಂದು ಬಿಡಬೇಡಿ. ಅರುವತ್ತು ವರ್ಷ ಅಗಿಯಬೇಕಾದ ಹಲ್ಲು ಹತ್ತನೇ ವರ್ಷಕ್ಕೇ ಹೋಗುತ್ತದೆ. ಮಗುವಿಗೆ ಆರು ವರ್ಷ ತುಂಬಿದಾಗ ಒಮ್ಮೆ ಕನ್ನಡಿಯ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿ, ಸಂಶಯವಿದ್ದರೆ ಕರೆತನ್ನಿ.

ಕೆಲವು ಪ್ರಶ್ನೆಗಳು

ಪ್ರಶ್ನೆ: ಎಲ್ಲಕ್ಕಿಂತ ಗಟ್ಟಿಯಾದ ಜಿರ್ಕೋನಿಯಾವನ್ನೇ ಎಲ್ಲರಿಗೂ ಹಾಕಬಾರದೇ?
ಉತ್ತರ: ಸಣ್ಣ ಹುಳುಕಿಗೆ ಕ್ಯಾಪ್ ಹಾಕಲು ಸುತ್ತಲಿನ ಒಳ್ಳೆಯ ಹಲ್ಲನ್ನು ಕೊರೆಯಬೇಕು. ಬಲ ಪಡೆಯಲು ಹೋಗಿ ಇರುವ ಬಲವನ್ನು ಕಳೆದುಕೊಂಡಂತಾಗುತ್ತದೆ.

ಪ್ರಶ್ನೆ: ಫಿಲ್ಲಿಂಗ್ ಬಿದ್ದುಹೋಯಿತು, ನೋವಿಲ್ಲ. ಕಾಯಬಹುದೇ?
ಉತ್ತರ: ಬೇಡ. ಆಧಾರ ತಪ್ಪಿದ ಗೋಡೆ ಒಂದೇ ಊಟದಲ್ಲಿ ಮುರಿಯಬಹುದು. ಬಿದ್ದ ತುಂಡು ಅಥವಾ ಕ್ಯಾಪ್ ಸಿಕ್ಕಿದರೆ ಜೊತೆಗೆ ತನ್ನಿ.

ಪ್ರಶ್ನೆ: ನೋವಿದ್ದಾಗ ಮಾತ್ರೆಯನ್ನು ಪುಡಿ ಮಾಡಿ ವಸಡಿಗೆ ಇಡಬಹುದೇ?
ಉತ್ತರ: ಇಡಬಾರದು, ವಸಡು ಸುಡುತ್ತದೆ. ಹೊಗೆಸೊಪ್ಪನ್ನೂ ಇಡಬೇಡಿ.

ಪ್ರಶ್ನೆ: ಯಾವಾಗ ಒಂದು ದಿನವೂ ಕಾಯಬಾರದು?
ಉತ್ತರ: ಹಲ್ಲುನೋವಿನ ಜೊತೆ ಮುಖ ಅಥವಾ ಗಲ್ಲದ ಕೆಳಗೆ ಊತ, ಜ್ವರ, ಬಾಯಿ ತೆರೆಯಲು ಇಲ್ಲವೇ ನುಂಗಲು ಕಷ್ಟ, ಉಸಿರಾಟಕ್ಕೆ ತೊಂದರೆ ಇದ್ದರೆ ರಾತ್ರಿಯಾದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಕೀವು ಕುತ್ತಿಗೆಗೆ ಇಳಿದರೆ ಪ್ರಾಣಕ್ಕೇ ಅಪಾಯ.

ವೈದ್ಯರಲ್ಲಿ ಕೇಳಬೇಕಾದ ಮಾತುಗಳು

ಮುಂದಿನ ಸಲ ಬಂದಾಗ "ಗಟ್ಟಿಯಾದದ್ದು ಯಾವುದು" ಎಂಬುದರ ಬದಲು ಈ ನಾಲ್ಕನ್ನು ಕೇಳಿ. ನನ್ನ ಹಲ್ಲಿನ ಎಷ್ಟು ಗೋಡೆ ಉಳಿದಿದೆ? ಈ ಜಾಗಕ್ಕೆ ಯಾವ ವಸ್ತು ತಕ್ಕದ್ದು, ಏಕೆ? ಇದು ತಾತ್ಕಾಲಿಕವೋ, ಕಾಯಂ ಆದದ್ದೋ? ಮತ್ತೆ ಯಾವಾಗ ಬರಬೇಕು? ಉತ್ತರವನ್ನು ನಿಮ್ಮ ಚೀಟಿಯ ಹಿಂದೆ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ, ಗರ್ಭ ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಿ.

ನೀವು ಇಂದು ರೋಗಿಯ ಜೊತೆಗೆ ಬಂದವರಾಗಿದ್ದರೆ, ಕಾಯುವ ಈ ಹೊತ್ತಿನಲ್ಲಿ ನಿಮ್ಮ ಬಾಯಿಯನ್ನೂ ಒಮ್ಮೆ ತೋರಿಸಿಕೊಳ್ಳಿ. ನೋವಿಲ್ಲದ ಕಪ್ಪು ಚುಕ್ಕೆಯೊಂದು ಕಂಡರೆ, ನಾಲ್ಕು ಗೋಡೆಯೂ ಗಟ್ಟಿಯಾಗಿರುವಾಗಲೇ ತುಂಬಿಸಿಕೊಂಡು ಊರಿಗೆ ಹೋಗಬಹುದು.